ಕಾವಲಿನಲ್ಲಿ ಹಾರಿದ ಒಂದು ಈಡು

ನನ್ನ ಗಂಡ ಪ್ಲೇಗಿನಲ್ಲಿ ತೀರಿಕೊಂಡಾಗ ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಉಳಿದದ್ದು ಎರಡು ಮಗ್ಗ, ಅತ್ತೆ, ನಾನು ಮತ್ತು ಒಂದು ಕೋವಿ. ಮಗ್ಗ ನಡೆಸುವುದು ನನಗೂ ಅತ್ತೆಗೂ ಹೊಸದೇನಲ್ಲ. ಗಂಡಸರು ನೇಯುವ ಸೀರೆಯನ್ನೇ ನಾವೂ ನೇಯುತ್ತಿದ್ದೆವು, ಹೆಸರು ಮಾತ್ರ ಅವರದು. ಆದರೆ ಕೋವಿಯನ್ನು ಏನು ಮಾಡುವುದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅದು ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ನಾಡಕೋವಿ. ನಮ್ಮ ಬೀದಿಯ ನೇಕಾರನೊಬ್ಬನನ್ನು ಚಳ್ಳಕೆರೆಯ ದಾರಿಯಲ್ಲಿ ಹೊಡೆದು ಸೀರೆಗಂಟು ಕಿತ್ತುಕೊಂಡಿದ್ದರು. ಅವನ ಮೊಣಕೈ ಮತ್ತೆ ನೆಟ್ಟಗಾಗಲೇ ಇಲ್ಲ. ಲಾಳಿ ಎಸೆಯಲು ಆಗದೆ ನೂಲು ಸುತ್ತುತ್ತ ಕೂತುಬಿಟ್ಟ. ಅದನ್ನು ಕಂಡ ನನ್ನ ಗಂಡ ಲೈಸೆನ್ಸು ಮಾಡಿಸಿ ಕೋವಿ ತಂದರು. ತಿಂಗಳಿಗೊಮ್ಮೆ ಸೀರೆಗಳನ್ನು ಚಳ್ಳಕೆರೆಯ ಸಾಹುಕಾರರ ಅಂಗಡಿಗೆ ಒಯ್ಯುವಾಗ ಅದು ಅವರ ಪಕ್ಕದಲ್ಲೇ ಇರುತ್ತಿತ್ತು. ಅವರು ಬದುಕಿರುವವರೆಗೆ ಅದರಿಂದ ಮನುಷ್ಯರ ಮೇಲೆ ಒಂದು ಈಡೂ ಹಾರಲಿಲ್ಲ.

ಅವರ ವರ್ಷದ ತಿಥಿ ಮುಗಿದ ಮೇಲೆ ಶಾನುಭೋಗರು ಬಾಗಿಲಲ್ಲಿ ನಿಂತು ಹೇಳಿದರು: "ನೋಡಮ್ಮ, ಕೋವಿ ಇರೋದು ಸತ್ತೋರ ಹೆಸರಿನಾಗೆ. ಹಂಗೆ ಮನೆಯಾಗೆ ಇಟ್ಕೊಂಡ್ರೆ ತಪ್ಪಾಗ್ತೈತೆ. ಯಾರಾನಾ ತಮ್ಮ ಹೆಸರಿಗೆ ಮಾಡಿಸ್ಕೊಳ್ರಿ, ಇಲ್ಲಾ ಚಳ್ಳಕೆರೆ ಕಚೇರಿಗೆ ಒಪ್ಪಿಸ್ರಿ."

ಯಾರ ಹೆಸರಿಗೆ? ಇದ್ದವರು ನಾವಿಬ್ಬರೇ.

ನಮ್ಮ ಮನೆಮಾತು ತೆಲುಗು. ಅತ್ತೆ ಹೇಳಿದ್ದನ್ನೆಲ್ಲ ಇಲ್ಲಿ ಕನ್ನಡಕ್ಕೆ ತಿರುಗಿಸಿಯೇ ಬರೆಯಬೇಕು. ಹಾಗೆ ತಿರುಗಿಸಿದರೆ ಅವರ ಮಾತಿನ ಖಾರ ಅರ್ಧ ಇಳಿದುಹೋಗುತ್ತದೆ. ಆ ದಿನ ಅವರು ಮಗ್ಗದ ಗುಳಿಯಿಂದ ಕಾಲೆತ್ತದೆ ಹೇಳಿದರು: "ತುಪಾಕಿ ಎಲ್ಲಿಗೂ ಹೋಗಲ್ಲ. ಅದು ನನ್ನ ಮಗನ ಕೈಯಿದ್ದ ಹಾಗೆ. ಸೀರೆ ತಗೊಂಡು ಹೋಗೋಳು ನೀನಾದ್ರೆ ತುಪಾಕಿನೂ ನಿಂದೇ."

"ಅತ್ತಮ್ಮಾ, ಹೆಂಗಸ್ರು ಕೋವಿ ಹಿಡಿದದ್ದನ್ನ ಎಲ್ಲಾದ್ರೂ ಕಂಡಿದ್ದೀರಾ?"

"ಹೆಂಗಸ್ರು ಸೀರೆಗಂಟು ತಗೊಂಡು ಚಳ್ಳಕೆರೆಗೆ ಹೋದದ್ದನ್ನೂ ಕಂಡಿಲ್ಲ. ನೀನು ಹೋಗ್ತೀನಿ ಅಂತಿಲ್ವಾ?"

ಮಾತು ನಿಜ. ನಾನೇ ಹೋಗುವುದೆಂದು ನಿಶ್ಚಯಿಸಿದ್ದೆ. ಬೀದಿಯವರು ತಲೆಗೊಂದು ಮಾತಾಡಿದರು. ಗಂಡ ಸತ್ತವಳು ಊರೂರು ತಿರುಗುತ್ತಾಳೆಂದರು. ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಆದರೆ ದಾರಿಯ ಭಯ ಹಾಗೆ ಹೋಗುವಂಥದ್ದಲ್ಲ. ನೂಲು ಸುತ್ತುತ್ತ ಕೂತಿದ್ದ ಆ ನೇಕಾರನ ಮೊಣಕೈ ದಿನಾ ಕಣ್ಣಿಗೆ ಬೀಳುತ್ತಿತ್ತು.

ಮೊದಲು ಕೋವಿ ನನ್ನ ಮಾತು ಕೇಳುತ್ತದೆಯೇ ನೋಡೋಣವೆಂದು ಒಂದು ಬೆಳಿಗ್ಗೆ ನಾನೂ ಅತ್ತೆಯೂ ಊರ ಹಿಂದಿನ ಬಂಡೆಗುಡ್ಡಕ್ಕೆ ಹೋದೆವು. ಗಂಡ ಮದ್ದು ತುಂಬುವುದನ್ನು ಎಷ್ಟೋ ಸಲ ನೋಡಿದ್ದೆ. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜವೆನ್ನುವ ಕಬ್ಬಿಣದ ಸರಳಿನಿಂದ ಜಡಿದು, ಗುಂಡು ಹಾಕಿ, ಮತ್ತೆ ಜಡಿದೆ. ಕೊನೆಗೆ ಕುದುರೆ ಎನ್ನುವ ಸುತ್ತಿಗೆಯಂಥ ಕೀಲಿನ ಕೆಳಗೆ ಕೇಪು ಇಟ್ಟೆ. ಅದು ಉಗುರಿನಷ್ಟು ಸಣ್ಣ ತಾಮ್ರದ ಟೋಪಿ. ಕುದುರೆ ಅದರ ಮೇಲೆ ಬಿದ್ದರೇ ಕಿಡಿ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ನನ್ನ ಬೆನ್ನ ಹಿಂದೆ ನಿಂತರು.

ಆ ಸದ್ದನ್ನು ಹೇಗೆ ಹೇಳಲಿ? ನಾನು ಅದುವರೆಗೆ ಮಾಡಿದ್ದ ಅತಿ ದೊಡ್ಡ ಸದ್ದೆಂದರೆ ಮಗ್ಗದ ಹಲಗೆ ಬಡಿದದ್ದು. ನನ್ನ ಒಂದು ಬೆರಳಿಗೆ ಇಡೀ ಗುಡ್ಡ ಗದರಿತು. ಸದ್ದು ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಹೊರಟು, ಅದು ಸತ್ತೇ ಹೋಯಿತೆಂದು ನಾವು ಅಂದುಕೊಂಡ ಮೇಲೆ ಇನ್ನೆಲ್ಲಿಂದಲೋ ತಿರುಗಿ ಬಂತು. ಪಾರಿವಾಳಗಳು ಬಂಡೆಸಂದಿಯಿಂದ ಒಟ್ಟಿಗೇ ಚೆಲ್ಲಿದಂತೆ ಹಾರಿದವು. ನನ್ನ ಹೆಗಲು ಕಳಚಿಹೋದಂತಾಗಿತ್ತು. ಆದರೂ ಬಾಯಿ ತೆರೆದು ನಗುತ್ತಿದ್ದೆ, ಕಣ್ಣಲ್ಲಿ ನೀರು ಬರುತ್ತಿತ್ತು. ಇಷ್ಟು ದೊಡ್ಡದೊಂದು ಇಷ್ಟು ಸಣ್ಣ ಸನ್ನೆಗೆ ಕಾದು ಕೂತಿರುತ್ತದೆಯೇ ಎಂದು ಬೆರಗು. ಅತ್ತೆ ಹತ್ತಿರ ಬಂದು ನನ್ನ ಹೆಗಲು ತಿಕ್ಕಿ, "ನನ್ನ ಮಗನಿಗೂ ಮೊದಲ ದಿನ ಹೀಗೇ ನೀಲಿಗಟ್ಟಿತ್ತು" ಎಂದರು. ಮಗ ಸತ್ತ ಮೇಲೆ ಅವರು ಅವನ ಮಾತನ್ನು ನಗುಮುಖದಿಂದ ಆಡಿದ್ದು ಅದೇ ಮೊದಲು.

ಆದ್ದರಿಂದ ಕೋವಿಯನ್ನು ನನ್ನ ಹೆಸರಿಗೇ ಕೇಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನನ್ನೊಳಗೆ ಮಾತ್ರ ತೀರ್ಮಾನ ಇನ್ನೂ ಆಗಿರಲಿಲ್ಲ. ಚಳ್ಳಕೆರೆ ಮುಟ್ಟುವುದರೊಳಗೆ ಗೊತ್ತಾದೀತು ಎಂದುಕೊಂಡು ದೀಪಾವಳಿ ಕಳೆದ ಮೇಲೆ ಹೊರಟೆ.

ಗಾಡಿ ಹೊಡೆಯುತ್ತಿದ್ದವನು ರಾಂಪುರದ ಮುದುಕ. ನನ್ನ ಗಂಡನ ಕಾಲದಿಂದಲೂ ಅವನದೇ ಗಾಡಿ. ನಾನು ಅವನನ್ನು ತಾತ ಎನ್ನುತ್ತಿದ್ದೆ. ಕೋವಿಯನ್ನು ಸೀರೆಗಂಟಿನ ಪಕ್ಕ ಇಟ್ಟದ್ದನ್ನು ನೋಡಿ ಅವನು ಮುಖ ಹುಳ್ಳಗೆ ಮಾಡಿದ.

"ಯಾಕೆ ತಾತ? ನಮ್ಮೋರು ತರ್ತಿರಲಿಲ್ವಾ?"

"ತರ್ತಿದ್ರು ತಾಯಿ. ಕೋವಿ ಕಂಡ್ರೆ ಕಳ್ಳ ಓಡ್ತಾನೆ ಅಂತ ಕೋವಿ ಇರೋರೆಲ್ಲಾ ಹೇಳ್ತಾರೆ. ಯಾವ ಕಳ್ಳನೂ ಹಂಗೆ ಹೇಳಿದ್ದು ನಾ ಕೇಳಿಲ್ಲ."

ನಾಯಕನಹಟ್ಟಿಯಲ್ಲಿ ನೆಂಟರ ಮನೆಯಲ್ಲಿ ತಂಗಿ, ಮಾರನೆಯ ಬೆಳಿಗ್ಗೆ ದೊಡ್ಡಉಳ್ಳಾರ್ತಿಯ ದಿಕ್ಕಿಗೆ ಗಾಡಿ ತಿರುಗಿಸಿದೆವು. ನಾನು ಹುಟ್ಟಿ ಬೆಳೆದದ್ದು ಬಂಡೆಗಳ ನಡುವೆ. ನಮ್ಮೂರಲ್ಲಿ ಯಾವ ಕಡೆ ನೋಡಿದರೂ ಒಂದು ಗುಡ್ಡ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಕಾವಲೆಂಬ ಆ ಹುಲ್ಲುಬಯಲಿಗೆ ಬಂದಾಗ ಕಣ್ಣಿಗೆ ಅಡ್ಡ ಬರುವುದೇ ಏನೂ ಇರಲಿಲ್ಲ. ಹುಲ್ಲು, ಹುಲ್ಲು, ಹುಲ್ಲು. ಮಳೆ ನಿಂತು ಹಳದಿಗೆ ತಿರುಗಿದ ಹುಲ್ಲು ಗಾಡಿಯ ಅಚ್ಚಿನವರೆಗೆ ಬೆಳೆದಿತ್ತು. ಗಾಳಿ ಬಂದರೆ ಇಡೀ ನೆಲವೇ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುತ್ತಿತ್ತು. ದೂರದಲ್ಲಿ ಸೊಂಟದೆತ್ತರದ ಹಕ್ಕಿಗಳು ದೊಡ್ಡ ಮನುಷ್ಯರ ಹಾಗೆ ಗಂಭೀರವಾಗಿ ನಡೆದಾಡುತ್ತಿದ್ದವು. ಆಕಾಶ ಇಷ್ಟು ದೊಡ್ಡದೆಂದು ನನಗೆ ಯಾರೂ ಹೇಳಿರಲಿಲ್ಲ. ಉಗುಳು ನುಂಗಲೂ ಮರೆತು ನೋಡುತ್ತಿದ್ದೆ.

"ಇದು ಯಾರದು ತಾತ?"

"ಅರಮನೇದು. ಮಹಾರಾಜರ ದನ ಮೇಯೋ ಕಾವಲು. ನಮಗೆ ದಾರಿ ಅಷ್ಟೇಯಾ."

ಬಿಸಿಲು ಏರುವ ಹೊತ್ತಿಗೆ ಒಂದು ಒಣಹಳ್ಳ ಬಂತು. ಗಾಡಿ ಇಳಿದು ಆಚೆ ದಡ ಹತ್ತಿದ್ದೇ ತಡ, ಜಾಲಿಮೆಳೆಯ ಮರೆಯಿಂದ ಮೂವರು ಗಂಡಸರು ಎದ್ದು ಬಂದರು. ಇಬ್ಬರ ಕೈಯಲ್ಲಿ ದೊಣ್ಣೆ. ಮುಂದಿದ್ದವನ ತಲೆಗೆ ಕೆಂಪು ರುಮಾಲು, ಸೊಂಟದಲ್ಲಿ ಮಚ್ಚು. ಅವನು ಎತ್ತಿನ ಮೂಗುದಾರ ಹಿಡಿದು ಗಾಡಿ ನಿಲ್ಲಿಸಿದ.

"ಗಂಟು ಇಳಿಸು ಅಜ್ಜ. ಜಗಳ ಬ್ಯಾಡ."

ತಾತ ನನ್ನ ಕಡೆ ನೋಡಿದ. ಕೋವಿಗೆ ಮದ್ದು ಗುಂಡು ಮೊದಲೇ ಜಡಿದಿದ್ದೆ. ಕೇಪುಗಳು ನನ್ನ ಎಲೆಅಡಿಕೆ ಚೀಲದಲ್ಲಿದ್ದವು. ಚೀಲದೊಳಗೆ ಬೆರಳು ಹಾಕಿದರೆ ಅಡಿಕೆಯೇ ಸಿಗುತ್ತದೆ, ಕೇಪು ಸಿಗದು. ಕೊನೆಗೊಂದು ಸಿಕ್ಕಿತು. ಅದನ್ನು ಕೂರಿಸಿ, ಕುದುರೆ ಎಳೆದು, ಗಾಡಿಯ ಮೇಲೆಯೇ ಎದ್ದು ನಿಂತೆ. ಆ ಗಡಿಬಿಡಿಯಲ್ಲಿ ಗಜ ಜಾರಿ ನೆಲಕ್ಕೆ ಬಿತ್ತು.

ಮೂವರೂ ನಿಂತಲ್ಲೇ ನಿಂತರು. ಆದರೆ ಓಡಲಿಲ್ಲ. ಕೆಂಪು ರುಮಾಲಿನವನು ನನ್ನನ್ನು ನಿಧಾನವಾಗಿ ನೋಡಿ ಹೇಳಿದ: "ಅಕ್ಕಾ, ಕೆಳಗಿಡು ಅದನ್ನ. ಅದ್ರಾಗೆ ಇರೋದು ಒಂದೇ ಈಡು. ನಾವು ಮೂವರಿದ್ದೀವಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ವ್ಯಾಪಾರ ಮಾಡುವವನ ಹಾಗೆ ಲೆಕ್ಕ ಹೇಳಿದ. ನಾನು ನಳಿಗೆಯನ್ನು ಅವನ ಎದೆಗೆ ಹಿಡಿದೆ. ಅವನ ಕೊರಳಲ್ಲಿ ಕಪ್ಪು ದಾರವಿತ್ತು, ದಾರದಲ್ಲೊಂದು ತಾಯಿತ. ಉಸಿರಾಡಿದಾಗ ಅದು ಏಳುತ್ತಿತ್ತು, ಇಳಿಯುತ್ತಿತ್ತು. ಅಲ್ಲಿಗೇ ಹೊಡೆಯಬೇಕು, ನನ್ನ ಬೆರಳಿಗೆ ಅದು ಆಗುತ್ತದೆ, ಇನ್ನು ಒಂದು ಕೂದಲೆಳೆಯಷ್ಟು ಮಡಚಿದರೆ ಆಯಿತು ಎಂಬುದು ನನಗೆ ಬಹಳ ಸ್ಪಷ್ಟವಾಗಿ ತಿಳಿಯಿತು. ಅವನಿಗಿಂತ ಹೆಚ್ಚಾಗಿ ಆ ತಿಳಿವೇ ನನ್ನನ್ನು ಹೆದರಿಸಿತು. ನಳಿಗೆಯನ್ನು ಮೇಲೆತ್ತಿ ಆಕಾಶಕ್ಕೆ ಹಾರಿಸಿಬಿಟ್ಟೆ.

ಗುಡ್ಡದಲ್ಲಾದ ಹಾಗೆ ಸದ್ದು ತಿರುಗಿ ಬರಲಿಲ್ಲ. ಬಯಲು ಅದನ್ನು ನುಂಗಿಕೊಂಡಿತು. ಒಂದು ಗಳಿಗೆ ಏನೂ ಇಲ್ಲ, ಹೊಗೆ ಮಾತ್ರ. ಆಮೇಲೆ ನೆಲ ನಡುಗಿತು.

ನಮ್ಮ ಬಲಕ್ಕೆ ಬರೀ ಹುಲ್ಲೆಂದು ನಾನು ನೋಡುತ್ತಿದ್ದ ಕಡೆ ಹುಲ್ಲಿನೊಳಗಿಂದ ಕೊಂಬು ಎದ್ದವು. ಒಂದಲ್ಲ, ಎರಡಲ್ಲ, ಕಣ್ಣು ಹೋಗುವಷ್ಟು ದೂರವೂ ಕೊಂಬೇ. ಮಲಗಿ ಮೆಲುಕು ಹಾಕುತ್ತಿದ್ದ ಅರಮನೆಯ ದನಗಳೆಲ್ಲ ಒಂದೇ ಸಲಕ್ಕೆ ಎದ್ದು ನಿಂತಿದ್ದವು. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಉದ್ದನೆಯ ಕೊಂಬು, ತುದಿ ಈಟಿಯ ಹಾಗೆ. ಅವು ಕರುಗಳನ್ನು ನಡುವೆ ಹಾಕಿಕೊಂಡು, ಸದ್ದು ಬಂದ ಕಡೆಗೆ ಮುಖ ತಿರುಗಿಸಿದವು. ದನಗಳು ಬೆದರಿ ದೂರ ಓಡುವುದನ್ನಷ್ಟೇ ನಾನು ಕಂಡಿದ್ದೆ. ಇವು ನಮ್ಮ ಕಡೆಗೇ ಬಂದವು.

ದೊಣ್ಣೆಯವರಲ್ಲಿ ಒಬ್ಬ ಓಡಲು ಹೊರಟ. ತಾತ ಕೂಗಿದ: "ಓಡಬ್ಯಾಡ್ರಲೇ! ಓಡಿದ್ರೆ ತಿವಿದು ಹಾಕ್ತಾವೆ! ಗಾಡಿ ತಾವ ಬರ್ರಿ!"

ಅವರು ಬಂದರು. ನಮ್ಮನ್ನು ದೋಚಲು ಬಂದವರು ನಮ್ಮ ಗಾಡಿಯ ಚಕ್ರಕ್ಕೆ ಬೆನ್ನು ಒತ್ತಿ ನಿಂತರು. ಒಬ್ಬ ಹಿಂದಿನಿಂದ ಗಾಡಿಯನ್ನೇ ಹತ್ತಿ ನನ್ನ ಸೀರೆಗಂಟಿನ ಪಕ್ಕದಲ್ಲಿ ಕೂತುಬಿಟ್ಟ. ಮೊಣಕಾಲು ಅಪ್ಪಿಕೊಂಡು ಕೂತವನ ಕೈ ಗಂಟಿನ ಮೇಲೆಯೇ ಇತ್ತು. ಆದರೆ ಅವನಿಗೆ ಆಗ ಅದು ಗಂಟೆಂದು ಗೊತ್ತಿದ್ದಂತೆ ಕಾಣಲಿಲ್ಲ. ತಾತ ತನ್ನ ಎತ್ತುಗಳ ಕೊರಳು ತಬ್ಬಿಕೊಂಡು ಅವುಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದ.

ದನಗಳು ಕೈಯಳತೆಯ ದೂರದಲ್ಲಿ ನಿಂತವು. ಎಡಕ್ಕೂ ಅವೇ, ಬಲಕ್ಕೂ ಅವೇ, ಹಳ್ಳದ ಆಚೆಗೂ ಅವೇ. ಅಷ್ಟು ಮೂಗುಗಳ ಉಸಿರು ಒಟ್ಟಾದರೆ ಮಗ್ಗುಲಲ್ಲೇ ಕುಲುಮೆಯ ತಿದಿ ಊದಿದಂತೆ ಕೇಳುತ್ತದೆ. ಮೆಲುಕು ಹಾಕಿದ ಹುಲ್ಲಿನ, ಹಾಲಿನ, ಧೂಳಿನ ವಾಸನೆ ಬಿಸಿಯಾಗಿ ಮುಖಕ್ಕೆ ಬಡಿಯಿತು. ಎಲ್ಲಕ್ಕಿಂತ ಮುಂದಿದ್ದ ಒಂದು ಮುದಿಹಸು ಗಾಡಿಯ ಹತ್ತಿರಕ್ಕೇ ಬಂತು. ತಲೆ ಚಾಚಿ, ನನ್ನ ಕೈಯಲ್ಲಿ ಜೋತುಬಿದ್ದಿದ್ದ ಕೋವಿಯ ನಳಿಗೆಯನ್ನು ತುದಿಯಿಂದ ಬುಡದವರೆಗೆ ಮೂಸಿತು. ಮದ್ದಿನ ವಾಸನೆ ಸಹಿಸಲಾರದೆ ಒಂದು ಸಲ ಜೋರಾಗಿ ಸೀನಿತು. ಕಬ್ಬಿಣದ ಮೇಲೆ ಅದರ ಮೂಗಿನ ನೀರು ಹರಿಯಿತು.

ಖಾಲಿ ಕೋವಿ. ಅದಕ್ಕೆ ಮತ್ತೆ ಮದ್ದು ತುಂಬಲು ಗಜ ನೆಲದ ಮೇಲಿದೆ, ಕೊಂಬುಗಳ ಕೆಳಗೆ. ಹಾಗಿದ್ದೂ ಅಷ್ಟು ಹೊತ್ತಿಗೆ ನನ್ನ ಭಯ ಇಳಿದಿತ್ತು. ಭಯ ಇದ್ದ ಜಾಗದಲ್ಲಿ ಇನ್ನೇನೋ ಬಂದು ತುಂಬಿತ್ತು. ಅದಕ್ಕೆ ನನ್ನಲ್ಲಿ ಹೆಸರಿಲ್ಲ. ದೇವರ ಮುಂದೆ ನಿಂತಾಗ ಬರಬೇಕಾದದ್ದು, ಸಾಮಾನ್ಯವಾಗಿ ಬರದೇ ಇರುವುದು, ಅದು ಅಲ್ಲಿ ಬಂತು. ನಾನು ಬದುಕುತ್ತೇನೋ ಸಾಯುತ್ತೇನೋ ಎನ್ನುವುದು ಆ ಹೊತ್ತಿನಲ್ಲಿ ಸಣ್ಣ ವಿಷಯವಾಗಿತ್ತು. ಕಣ್ಣು ಮಿಟುಕಿಸಿದರೆ ಎಲ್ಲಿ ಕಾಣದೆ ಹೋಗುತ್ತದೋ ಎಂದು ನೋಡುತ್ತಲೇ ನಿಂತೆ.

ದೂರದಿಂದ ಒಂದು ಕೂಗು ಕೇಳಿತು. ಉದ್ದನೆಯ ಕೂಗು, ಮಾತಲ್ಲ. ದನಗಳ ಕಿವಿಗಳೆಲ್ಲ ಒಟ್ಟಿಗೆ ಅತ್ತ ತಿರುಗಿದವು. ಹೆಗಲಿಗೆ ಕಂಬಳಿ ಹಾಕಿದ ಒಬ್ಬ ದನಗಾರ, ಕೈಯಲ್ಲಿ ಒಂದು ಸಪೂರ ಕೋಲು, ಆ ಕೊಂಬುಗಳ ನಡುವೆ ಸಂತೆಯಲ್ಲಿ ನಡೆದು ಬಂದ ಹಾಗೆ ಬಂದ. ಒಂದರ ಬೆನ್ನು ತಟ್ಟಿದ, ಇನ್ನೊಂದನ್ನು ಬೈದ. ಮುದಿಹಸುವಿನ ಹೆಸರು ಹಿಡಿದು ಕರೆದ. ಅದು ನಮ್ಮನ್ನು ಕೊನೆಯ ಸಲ ನೋಡಿ ತಿರುಗಿತು. ಅದು ತಿರುಗಿದ ಮೇಲೆ ಉಳಿದವೂ ತಿರುಗಿದವು.

"ಯಾರ್ರಿ ಈಡು ಹಾರ್ಸಿದ್ದು?" ದನಗಾರನ ಮುಖ ಕೆಂಪಗಾಗಿತ್ತು. "ಗಬ್ಬದ ದನ ಅವೆ. ಬೆದರಿ ಒಂದು ಕಂದು ಹಾಕಿದ್ರೂ ಸರ್ಕಾರಕ್ಕೆ ನಾನೇನು ಹೇಳ್ಲಿ?"

"ನಾನೇ ಅಪ್ಪಾ" ಎಂದೆ.

ಅವನು ನನ್ನನ್ನು ನೋಡಿದ, ಕೋವಿಯನ್ನು ನೋಡಿದ. "ಯಾಕವ್ವಾ?"

ಮೂವರೂ ನೆಲ ನೋಡುತ್ತಿದ್ದರು. ತಾತ ಎತ್ತುಗಳ ಹಗ್ಗ ಸರಿಮಾಡುತ್ತಿದ್ದ. ಇವರು ನಮ್ಮನ್ನು ಅಡ್ಡಗಟ್ಟಿದವರು ಎಂದು ಹೇಳಬಹುದಿತ್ತು. ಕರುಣೆಯಿಂದ ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಒಟ್ಟಿಗೆ ಆ ಉಸಿರಿನೊಳಗೆ ನಿಂತಿದ್ದವರನ್ನು ಅಷ್ಟು ಬೇಗ ಬೇರೆ ಮಾಡಲು ನನಗೆ ನಾಲಗೆ ಬರಲಿಲ್ಲ. "ಭಯ ಆಯ್ತು" ಎಂದಷ್ಟೇ ಹೇಳಿದೆ. ಅದು ನಿಜವೂ ಆಗಿತ್ತು.

ಅವನು ಇನ್ನೊಂದಿಷ್ಟು ಗೊಣಗಿ ದನಗಳ ಹಿಂದೆ ಹೋದ. ಗಾಡಿಯಲ್ಲಿ ಕೂತಿದ್ದವನು ಇಳಿದ. ಅವರು ಬಂದ ದಿಕ್ಕಿಗೇ ಹೊರಟರು. ಕೆಂಪು ರುಮಾಲಿನವನು ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗಿ ಬಂದು, ನೆಲದಲ್ಲಿದ್ದ ಗಜವನ್ನು ಎತ್ತಿ, ಮಣ್ಣೊರೆಸಿ ನನ್ನ ಕೈಗೆ ಕೊಟ್ಟ. ನನ್ನ ಮುಖ ನೋಡಲಿಲ್ಲ. "ಎಷ್ಟು ದನಾ ಅಕ್ಕಾ!" ಎಂದು ತನಗೇ ಹೇಳಿಕೊಂಡಂತೆ ಹೇಳಿ ಹೋದ.

ಚಳ್ಳಕೆರೆಯಲ್ಲಿ ಮೊದಲು ಸೀರೆ ಒಪ್ಪಿಸಿ, ಆಮೇಲೆ ಕಚೇರಿಗೆ ಹೋದೆ. ಅಮಲ್ದಾರರು ಕನ್ನಡಕ ಹಾಕಿದ ಮೆತ್ತನೆ ಮಾತಿನವರು. ಕೋವಿಯನ್ನು ಮೇಜಿನ ಮೇಲೆ ಇಡಿಸಿಕೊಂಡು, "ಹೆಂಗಸರ ಹೆಸರಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲಮ್ಮ. ಕೊಡಕೂಡದು ಅಂತಲೂ ಎಲ್ಲೂ ಓದಿಲ್ಲ. ನಿಮಗೆ ಬೇಕೆಂದರೆ ದುರ್ಗದ ಜಿಲ್ಲಾ ಕಚೇರಿಗೆ ಬರೆಯುತ್ತೇನೆ. ಬೇಕೇ?" ಎಂದು ಕೇಳಿದರು.

"ಬ್ಯಾಡ್ರಿ. ಒಪ್ಪಿಸ್ತೀನಿ" ಎಂದೆ.

ಬಾಯಿಂದ ಬಂದ ಮೇಲೆಯೇ ಅದು ನನ್ನ ತೀರ್ಮಾನವೆಂದು ನನಗೆ ತಿಳಿದದ್ದು. ಯಾಕೆಂದು ಅವರು ಕೇಳಿದರು. ಕಾವಲಿನಲ್ಲಿ ಆದದ್ದನ್ನು ಹೇಳಿದೆ. ಕಳ್ಳರ ಭಾಗವನ್ನೂ ಬಿಡಲಿಲ್ಲ. ಒಂದೇ ಈಡು ಇರುವುದು ಅವನಿಗೆ ಗೊತ್ತಿತ್ತು ಸ್ವಾಮಿ, ಎಂದೆ. ಅವನ ಮೇಲೆ ಹಾರಿಸಲು ನನಗೆ ಆಗುತ್ತಿತ್ತು ಎನ್ನುವುದು ನನಗೆ ಗೊತ್ತಾಯಿತು, ಅದನ್ನು ತಿಂಗಳು ತಿಂಗಳು ಪಕ್ಕದಲ್ಲಿಟ್ಟುಕೊಂಡು ಆ ದಾರಿಯಲ್ಲಿ ಬರಲಾರೆ, ಎಂದೆ. ಅಮಲ್ದಾರರು ಬರೆಯುವುದನ್ನು ನಿಲ್ಲಿಸಿ, "ದನ ಮುತ್ತಿಕೊಂಡವೇ? ಅಷ್ಟು ಹತ್ತಿರ?" ಎಂದು ಮತ್ತೆ ಅದನ್ನೇ ಕೇಳಿದರು.

ಮನೆಗೆ ಬರಿಗೈಯಲ್ಲಿ ಬಂದ ನನ್ನನ್ನು ಕಂಡು ಅತ್ತೆ ಮುಖ ತಿರುಗಿಸಿ ಒಳಗೆ ಹೋದರು. ಸಾರು ಬಡಿಸುವಾಗ ಪಾತ್ರೆ ಸದ್ದು ಮಾಡುತ್ತಿದ್ದರು. ಮಗನ ಕೈಯನ್ನೇ ಕೊಟ್ಟು ಬಂದೆನೆಂಬುದು ಅವರ ನೋವು. ಆ ನೋವು ಸುಳ್ಳಲ್ಲ; ನಾನು ಅದಕ್ಕೆ ಔಷಧಿ ಹುಡುಕಲಿಲ್ಲ. ಕೆಲವು ದಿನ ಕಳೆದ ಮೇಲೆ ಮಗ್ಗದಲ್ಲಿ ಕೂತಿದ್ದವರು ಕೈ ನಿಲ್ಲಿಸಿ, "ಅಮ್ಮಾಯಿ, ಆ ಗಾಡಿಯ ಮುದುಕ ಏನೇನೋ ಹೇಳ್ತಿದ್ದಾನೆ. ದನ ಅಂತೆ. ನಿಜವಾ?" ಎಂದರು. ಮೊದಲಿನಿಂದ ಹೇಳಿದೆ. ಹಸು ನಳಿಗೆ ಮೂಸಿದ್ದನ್ನು ಎರಡು ಸಲ ಹೇಳಿಸಿದರು.

ಆಮೇಲೆ ನಾನು ಒಬ್ಬಳೇ ಹೋಗುವುದನ್ನು ಬಿಟ್ಟೆ. ನಮ್ಮ ಬೀದಿಯ ಇನ್ನೂ ಕೆಲವು ಮನೆಯವರು ಜೊತೆಯಾದರು. ಮೂರು ನಾಲ್ಕು ಗಾಡಿ ಸಾಲಾಗಿ ಹೋಗುತ್ತಿದ್ದೆವು. ಅದರಿಂದ ಎಲ್ಲ ಸರಿಹೋಯಿತೆಂದು ಹೇಳಲಾರೆ. ಒಂದು ವರ್ಷ ನಾಯಕನಹಟ್ಟಿಯ ದಾರಿಯಲ್ಲಿ ನಮ್ಮನ್ನು ನಿಲ್ಲಿಸಿ ನನ್ನ ಗಂಟಿನಿಂದ ಎರಡು ಒಳ್ಳೆಯ ಸೀರೆ ಎಳೆದುಕೊಂಡು ಹೋದರು. ತಡೆಯಲು ಹೋದ ತಾತನ ಕೆನ್ನೆಗೆ ಹೊಡೆದರು. ಆ ದಿನ ಅತ್ತೆ, "ತುಪಾಕಿ ಇದ್ದಿದ್ದರೆ?" ಎಂದು ಕೇಳಿದರು. ಇದ್ದಿದ್ದರೆ ಅವರು ಓಡುತ್ತಿದ್ದರೋ, ಅಥವಾ ಆ ದಿನ ಯಾರೋ ಒಬ್ಬರು ಸಾಯುತ್ತಿದ್ದರೋ, ನನಗೆ ತಿಳಿಯದು. ಇವತ್ತಿಗೂ ತಿಳಿಯದು. ತಾತನ ಊದಿದ ಕೆನ್ನೆಗೆ ಅರಿಶಿನ ಹಚ್ಚುವಾಗ ನನ್ನ ಕೈ ಕೋವಿಗಾಗಿ ತವಕಿಸಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಅತ್ತೆಗೆ ಮಾತ್ರ ಆ ದನಗಳ ಕತೆ ಹಿಡಿದುಬಿಟ್ಟಿತ್ತು. ಮನೆಗೆ ಯಾರು ಬಂದರೂ ಹೇಳುವರು. ವರ್ಷ ವರ್ಷಕ್ಕೆ ದನಗಳು ಹೆಚ್ಚುತ್ತ ಹೋದವು, ಕೊಂಬುಗಳು ಉದ್ದವಾದವು. ಗಾಡಿಯಲ್ಲಿ ನನ್ನ ಪಕ್ಕ ತಾವೇ ಇದ್ದರೇನೋ ಎಂಬಂತೆ ಹೇಳುತ್ತಿದ್ದರು. ಕೊನೆಗೊಂದು ದಿನ, "ನನ್ನನ್ನೂ ಕರಕೊಂಡು ಹೋಗು, ನೋಡ್ತೀನಿ" ಎಂದು ಹಟ ಹಿಡಿದರು. ಮುದಿ ಸೊಂಟಕ್ಕೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಕೂರಿಸಿಕೊಂಡು ಹೋದೆ.

ಕಾವಲಿನಲ್ಲಿ ಬಿಸಿಲು ಆಗತಾನೆ ಚಿಗುರಿತ್ತು. ದನಗಳು ದೂರದ ದಿಬ್ಬದಿಂದ ಇಳಿದು ನೀರಿಗೆ ಹೋಗುತ್ತಿದ್ದವು. ಗಾಡಿ ನಿಲ್ಲಿಸಲು ಹೇಳಿ, ಅತ್ತೆ ನನ್ನ ಹೆಗಲು ಹಿಡಿದು ಇಳಿದರು. ದನಗಳ ಸಾಲು ಮುಗಿಯುವುದನ್ನು ಕಾದೆವು, ಮುಗಿಯಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಕೈಮುಗಿದರು. ತಾವು ಹೇಳಿಕೊಂಡು ಬಂದಿದ್ದ ಕತೆ ನಿಜಕ್ಕಿಂತ ಚಿಕ್ಕದಾಗಿತ್ತೆಂದು ಅವರಿಗೆ ಆಗ ಅನ್ನಿಸಿರಬೇಕು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು:

"ಇವುಗಳ ಎದುರಿಗೇನೇ ಹುಚ್ಚಿ, ನೀನು ತುಪಾಕಿ ಹಾರಿಸಿದ್ದು?"